ಐರಿಷ್ ರೈಲಿಗೆ ಹತ್ತಿದ ತುಕ್ಕು

ಐರ್ಲೆಂಡಿನಲ್ಲಿ ಹುಟ್ಟಿ ಬೆಳೆದ ಪಕ್ಕದ ಮನೆಯ ಅಜ್ಜ, ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆಯ ಬೇಸ್‌ಮೆಂಟ್‌ನಲ್ಲಿ ಆಟಿಕೆ ರೈಲಿನ ಮುಂದೆ ಬಗ್ಗಿ ನಿಂತಿದ್ದರು. ಕ್ಷಮಿಸಿ, ಆಟಿಕೆ ಎನ್ನಬಾರದಂತೆ, ಅದು ಐರಿಷ್ ರೈಲಿನ ‘ಮಾಡೆಲ್’. ಹೊಚ್ಚ ಹೊಸ ಎಂಜಿನ್ ತರಿಸಿ, ಅದು ಹಳೆಯದಾಗಿ ಕಾಣಲೆಂದು ನನ್ನ ಯಜಮಾನರು ಚಳಿಗಾಲವಿಡೀ ಕೂತು ಅದಕ್ಕೆ ಕೊಳೆ ಬಳಿದಿದ್ದರು. ಮನೆಯ ಕೊಳೆ ಮಾತ್ರ ಎಂದೂ ಅವರ ಕಣ್ಣಿಗೆ ಬಿದ್ದಿಲ್ಲ.

ಅಜ್ಜನ ತೀರ್ಪಿಗಾಗಿ ಇವರು ಉಸಿರು ಬಿಗಿಹಿಡಿದು ಕಾದರು. ಬಳಿದ ಮಸಿ, ಧೂಳು ಯಾವುದಕ್ಕೂ ಅಜ್ಜ ತುಟಿ ಬಿಚ್ಚಲಿಲ್ಲ. ಕೊನೆಗೆ ಎಂಜಿನ್ನಿನ ಮೂತಿಯ ಮೇಲೆ ಬೆರಳಿಟ್ಟು, ಕಣ್ಣೊರೆಸಿಕೊಂಡು, “ದಿಸ್ ರಸ್ಟ್ ಈಸ್ ರಿಯಲ್!” ಎಂದರು.

“ಅಲ್ಲಿ ನಾನು ತುಕ್ಕು ಹಚ್ಚೇ ಇಲ್ವಲ್ಲೇ!” ಎಂದು ಇವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

“ಕುಂಕುಮ ರೀ. ಆಯುಧಪೂಜೆ ದಿನ ಕಾರಿಗೆ ಇಟ್ಟು ಮಿಕ್ಕಿದ್ದನ್ನ ಇದಕ್ಕೂ ಇಟ್ಟಿದ್ದೆ. ಎಣ್ಣೆ ಹೀರಿ ಕಂದು ಬಣ್ಣಕ್ಕೆ ತಿರುಗಿದೆ” ಎಂದೆ.

ಅಂದಿನಿಂದ ದೇವರ ಮನೆಯ ಕುಂಕುಮದ ಭರಣಿ ಬೇಸ್‌ಮೆಂಟ್‌ನಲ್ಲಿದೆ. ನನ್ನ ಹಣೆಗೆ ಬೇಕೆಂದರೂ ಮೆಟ್ಟಿಲಿಳಿದು ಹೋಗಿ ಕೇಳಬೇಕು. “ಸ್ವಲ್ಪವೇ ತಗೋ, ಇನ್ನೂ ಬೋಗಿಗಳು ಬಾಕಿ ಇವೆ” ಎನ್ನುತ್ತಾರೆ.