ಬಂದೂಕಿಗೆ ಹಚ್ಚಿದ ಕಾಡಿಗೆ

ನಮ್ಮ ದೊಡ್ಡಮ್ಮನ ಬಲಗೈಯ ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಅದು ಕಾಡಿಗೆಯ ಕಪ್ಪು. ಗಂಡ ಸತ್ತ ಹೆಂಗಸಿನ ಮನೆಯಲ್ಲಿ ಕಾಡಿಗೆ ಏಕೆ ಎಂದು ಉಯ್ಯಂಬಳ್ಳಿಯ ಕಡೆಯವರು ತಮ್ಮತಮ್ಮಲ್ಲೇ ಕೇಳಿಕೊಂಡದ್ದುಂಟು. ಅವಳ ಕಣ್ಣನ್ನು ನೋಡಿದರೆ ಉತ್ತರ ಸಿಗುತ್ತಿರಲಿಲ್ಲ. ಅಲ್ಲಿಗೆ ಅವಳು ಹಚ್ಚುತ್ತಲೇ ಇರಲಿಲ್ಲ. ಹಣೆಯ ಮೇಲೆ ವಿಭೂತಿ, ಬೆರಳ ತುದಿಯಲ್ಲಿ ಮಸಿ. ಬಿಳುಪು ದೇವರಿಗೆ, ಕಪ್ಪು ಬಂದೂಕಿಗೆ.

ಊರಿನವರು ಹೇಳುವ ಕಥೆಯಲ್ಲಿ ಈ ಬೆರಳು ಬರುವುದಿಲ್ಲ. ಅವರ ಪ್ರಕಾರ, ಕಾನಕಾನಹಳ್ಳಿಯಲ್ಲಿ ಅಮಲ್ದಾರರ ಮುಂದೆ ಆ ತಾಯಿ ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಅದೇ ಕಣ್ಣನ್ನು ಮುಚ್ಚಿಕೊಂಡು, ಒಂದೇ ಗುಂಡಿಗೆ ತಟ್ಟೆಯನ್ನು ಪುಡಿ ಮಾಡಿದಳು. ಮೊನ್ನೆ ಹಾರೋಹಳ್ಳಿಯಲ್ಲಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಗಾಡಿಯವನು ನಾನು ಯಾರೆಂದು ತಿಳಿಯದೆ ನನಗೇ ಇದನ್ನು ಹೇಳಿದ.

"ಲಿಂಗಪೂಜೆ ಮಾಡಿ ಮಾಡಿ ದೃಷ್ಟಿ ನಿಂತೋಗ್ಬುಟ್ಟಿತ್ತು ಕಣ್ ಸ್ವಾಮಿ. ನಾವ್ ನೀವ್ ಹೊಡ್ದಂಗಲ್ಲ ಅದು."

"ಹಾಗಾದರೆ ಮಠದ ಅಯ್ಯನವರೆಲ್ಲ ಗುರಿಕಾರರಾಗಬೇಕಿತ್ತಲ್ಲ?" ಎಂದೆ.

"ಅವ್ರ ಕೈಗೆ ಬಂದೂಕ ಕೊಟ್ಟೋರ್ಯಾರು?" ಎಂದ.

ಕಾಲೇಜಿನ ಚರ್ಚಾಕೂಟದಲ್ಲಾದರೆ ಈ ಉತ್ತರಕ್ಕೆ ಚಪ್ಪಾಳೆ ಬೀಳುತ್ತಿತ್ತು. ಆದರೆ ನಾನು ಆವತ್ತು ಅಲ್ಲಿದ್ದೆ. ಅವಳ ಕಣ್ಣು ತೆರೆದಿತ್ತು. ಗುಂಡು ಒಂದಲ್ಲ, ಎರಡು. ಮೊದಲನೆಯದು ತಪ್ಪಿತು. ಕಥೆ ಹೇಳುವವರು ಆ ತಪ್ಪಿದ ಗುಂಡನ್ನು ಕೈಬಿಟ್ಟಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಏಕೆಂದರೆ ನನ್ನ ದೊಡ್ಡಮ್ಮ ಎಂಥವಳು ಎಂದು ಕೇಳಿದರೆ ನಾನು ತೋರಿಸುವುದು ಆ ತಪ್ಪಿದ ಗುಂಡನ್ನೇ.

ದೊಡ್ಡಪ್ಪ ಸಂಸ್ಥಾನದ ಸವಾರರ ದಳದಲ್ಲಿದ್ದು ಬಂದವರು. ಪೇಟೆಯ ಮನೆ ಒಲ್ಲದೆ ಉಯ್ಯಂಬಳ್ಳಿಯ ಆಚೆ, ಕಾಡಿನ ಅಂಚಿನ ನಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡರು. ಹಂದಿಯ ಕಾಟಕ್ಕೆಂದು ಅವರ ಹೆಸರಿನಲ್ಲಿ ಎರಡು ಬಂದೂಕಿಗೆ ಲೈಸೆನ್ಸು ಇತ್ತು: ಒಂದು ಜೋಡಿ ನಳಿಗೆಯ ಭಾರದ್ದು, ಇನ್ನೊಂದು ಒಂಟಿ ಗುಂಡಿನ ಸಣ್ಣ ರೈಫಲ್ಲು. ತಮ್ಮನಾದ ನನ್ನ ಅಪ್ಪನಿಗೂ, ಹೆಂಡತಿಯಾದ ದೊಡ್ಡಮ್ಮನಿಗೂ ಗುರಿ ಹಿಡಿಯುವುದನ್ನು ಕಲಿಸಿದವರು ಅವರೇ. ಪ್ಲೇಗಿನಲ್ಲಿ ಅವರು ಹೋದ ಮೇಲೆ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು ಎಂದು ಕಚೇರಿಯಿಂದ ಹುಕುಂ ಬಂತು. ಎಲ್ಲರೂ ಜೋಡಿ ನಳಿಗೆಯದನ್ನೇ ಇಟ್ಟುಕೋ ಎಂದರು. ಅದರ ಸದ್ದಿಗೇ ಹಂದಿ ಓಡುತ್ತದೆ ಎಂಬುದು ಅವರ ವಾದ. ದೊಡ್ಡಮ್ಮ ಸಣ್ಣದನ್ನು ಆರಿಸಿಕೊಂಡಳು.

"ದೊಡ್ಡದು ಭುಜಕ್ಕೆ ಒದೀತದೆ ಕಣಪ್ಪ. ಒಂದ್ಸಲ ಒದೆ ತಿಂದ ಮೈ ಮುಂದಿನ ಸಲ ಮೊದ್ಲೇ ಹೆದರ್ತದೆ. ಹೆದರಿದ ಮೈ ಗುರಿ ಹಿಡೀತದಾ?"

ಗಂಡಸಿನ ತೋಳಿಗೆ ಮಾಡಿದ ಬಂದೂಕು ಅವಳಿಗೆ ಉದ್ದವಾಗುತ್ತಿತ್ತು; ಕೆನ್ನೆ ಅದರ ಮರದ ಹಿಡಿಗೆ ಕೂಡುತ್ತಿರಲಿಲ್ಲ. ಅವಳ ತವರು ವಿರೂಪಾಕ್ಷಿಪುರ. ಅಲ್ಲಿಗೆ ಹೋದಾಗ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನ ಬಳಿ ಬಂದೂಕಿನ ಹಿಂಬದಿಯ ಮರವನ್ನು ಎರಡು ಬೆರಳಿನಷ್ಟು ಕೊಯ್ಯಿಸಿಕೊಂಡು ಬಂದಳು. ಅವನು, "ಇಂಥ ಕೆಲ್ಸ ನಂಗೆ ಯಾರೂ ತಂದಿರ್ಲಿಲ್ಲ ಕಣವ್ವ" ಎಂದು ನಗುತ್ತ, ಅರಗಿನ ಬಣ್ಣ ಹಾಕಿದ ಮರದ ಒಂದು ಹಳದಿ ಗುಂಡನ್ನು ಕೈಗಿಟ್ಟನಂತೆ. ಒಂದು ಮಗ್ಗುಲು ತುಸು ಚಪ್ಪಟೆಯಾಗಿ, ಮಾರಾಟಕ್ಕೆ ಆಗದೆ ಉಳಿದ ಗುಂಡು.

ಅವಳ ಸಾಧನೆಗೆಲ್ಲ ಆ ಗುಂಡೇ ಸಾಕ್ಷಿ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಗೋಡೆಗೆ ಒಂದು ವಿಭೂತಿಯ ಬೊಟ್ಟು ಇಡುತ್ತಿದ್ದಳು. ಖಾಲಿ ಬಂದೂಕನ್ನು ಭುಜಕ್ಕೇರಿಸಿ, ನಳಿಗೆಯ ತುದಿಯ ಮೇಲೆ ಆ ಅರಗಿನ ಗುಂಡನ್ನು ಚಪ್ಪಟೆ ಮಗ್ಗುಲಾಗಿ ಕೂರಿಸಿ, ಬೊಟ್ಟಿಗೆ ಗುರಿ ಹಿಡಿದು ಬಂದೂಕಿನ ಕುದುರೆಯನ್ನು ಬೆರಳಿನಿಂದ ಒತ್ತಬೇಕು. ಟಕ್ಕೆಂದ ಮೇಲೂ ಗುಂಡು ಅಲ್ಲೇ ಕೂತಿರಬೇಕು. ಬಿದ್ದರೆ ಮತ್ತೆ ಮೊದಲಿನಿಂದ. ರಜೆಯಲ್ಲಿ ಹೋದಾಗ ನಾನು ಒಳಮನೆಯಲ್ಲಿ ಮಲಗಿಯೇ ಅದು ನೆಲಕ್ಕೆ ಬಿದ್ದು ಉರುಳುವ ಸದ್ದಿಗೆ ಕಾಯುತ್ತಿದ್ದೆ. ಬರಬರುತ್ತ ಆ ಸದ್ದು ನಿಂತೇಹೋಯಿತು. ನಿಲ್ಲದೆ ಇದ್ದದ್ದು ಅವಳ ಮಾತು.

"ಉಸ್ರು ಎಳಕೊ. ಅರ್ಧ ಬುಡು. ನಿಲ್ಸು. ಎಳೀಬ್ಯಾಡ, ಹಾಲು ಕರೆದಂಗೆ ಒತ್ತು."

ಯಾರಿಗೆ ಹೇಳುತ್ತಿದ್ದಾಳೆ ಎಂದು ಮೊದಲ ಸಲ ಎದ್ದು ಬಂದು ನೋಡಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಅವು ದೊಡ್ಡಪ್ಪನ ಮಾತುಗಳು, ಅವರದೇ ಗಡಸು ದನಿಯಲ್ಲಿ. ಮನಸ್ಸಿನಲ್ಲೇ ಹೇಳಿಕೊಂಡರೆ ಆಗದೇ ಎಂದು ವಾದಕ್ಕಿಳಿದೆ.

"ಆಗ್ತದೆ. ಆದ್ರೆ ಈ ಮನೇಲಿ ನಂಗೆ ಹಿಂಗೆ ಮಾಡು ಅನ್ನೋರು ಯಾರೌರೆ?" ಎಂದಳು.



ಇನ್ನೊಂದು ಸಾಧನೆಗೆ ಎರಡನೆಯ ಮನುಷ್ಯ ಬೇಕಾಗುತ್ತಿತ್ತು. ನಾನು ಆಕಡೆ ತಿರುಗಿ, ಬಂದೂಕಿಗೆ ಒಮ್ಮೆ ತೋಟಾ ತುಂಬಿ, ಒಮ್ಮೆ ತುಂಬದೆ ಅವಳ ಕೈಗೆ ಕೊಡಬೇಕು. ಯಾವುದು ಯಾವುದೆಂದು ಅವಳಿಗೆ ತಿಳಿಯಬಾರದು. ತುಂಬಿದಾಗ ಮೈ ಬೆಚ್ಚಿದ್ದು ಹೊಗೆಯಲ್ಲಿ, ಸದ್ದಿನಲ್ಲಿ ಮರೆಯಾಗಿಬಿಡುತ್ತದೆ; ಖಾಲಿ ಇದ್ದಾಗ ಮರೆಯಾಗುವುದಿಲ್ಲ. ನಾನೂ ಒಮ್ಮೆ ಹಿಡಿದು ನೋಡಿದೆ. ಖಾಲಿ ಬಂದೂಕಿನ ಮೂತಿ ನನ್ನ ಕೈಯಲ್ಲಿ ಗಕ್ಕನೆ ಕೆಳಗಿಳಿಯಿತು.

"ನೋಡ್ದಾ ಲಾಯ್ರಪ್ಪ, ಬಾರದೇ ಇರೋ ಸದ್ದಿಗೆ ಹೆದರ್ದೆ" ಎಂದು ಅವಳು ನಕ್ಕಳು. "ನಿನ್ನ ವಾದದಾಗೂ ಹಿಂಗೇಯ. ಎದುರಾಳಿ ಬಾಯಿ ಬುಡಕ್ಕೆ ಮೊದ್ಲೇ ಕೂಗ್ತೀಯ."

ಬಿಡಲಿಲ್ಲ ನಾನು. "ಇಷ್ಟೆಲ್ಲ ಲಿಂಗಪೂಜೆ ಮಾಡುವವಳು ಪ್ರಾಣಿ ಕೊಲ್ಲಬಹುದೇ?" ಎಂದು ಕೇಳಿದೆ. ನಮ್ಮ ಮನೆಯಲ್ಲಿ ಮಾಂಸ ಮುಟ್ಟುವವರಿಲ್ಲ. ಬಿದ್ದ ಹಂದಿಯನ್ನು ಹಟ್ಟಿಯವರು ಬಂದು ಹೊತ್ತುಕೊಂಡು ಹೋಗುತ್ತಿದ್ದರು.

ಅವಳು ಅರಗಿನ ಗುಂಡನ್ನು ಸೆರಗಿನಲ್ಲಿ ಒರೆಸುತ್ತ, "ಪಾಪ ಅಲ್ಲ ಅಂತ ನಾ ಹೇಳ್ದೆನಾ? ರಾಗಿ ಉಳೀಬೇಕು, ಹೊಡೀತೀನಿ. ಆದ್ರೆ ಅರ್ಧ ಹೊಡ್ದು ಬುಟ್ಟರೆ ಅದು ಕಾಡಲ್ಲೆಲ್ಲೋ ನಾಕು ದಿನ ಒದ್ದಾಡ್ತದಲ್ಲ, ಆ ಪಾಪ ನಂಗ್ ಬ್ಯಾಡ. ಅದುಕ್ಕೇಯ ಈ ಗುಂಡಾಟ" ಎಂದಳು.

ಕಾಡಿಗೆಯ ವಿಚಾರಕ್ಕೆ ಬರುತ್ತೇನೆ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಒಂದು ಪುಟ್ಟ ಮೊಳೆ ಇರುತ್ತದೆ. ಅದು ಹೊಳೆಯಬಾರದು. ಹೊಳೆದರೆ ಬಿಸಿಲು ಬಿದ್ದ ಮಗ್ಗುಲನ್ನೇ ಇಡೀ ಮೊಳೆ ಎಂದು ಕಣ್ಣು ತಿಳಿಯುತ್ತದೆ, ಗುಂಡು ಆಚೆ ಮಗ್ಗುಲಿಗೆ ಹೋಗುತ್ತದೆ. ಅದಕ್ಕೇ ದೊಡ್ಡಪ್ಪ ಹರಳೆಣ್ಣೆಯ ದೀಪದ ಕಾಡಿಗೆಯನ್ನು ಆ ಮೊಳೆಗೆ ಹಚ್ಚುತ್ತಿದ್ದರು. ಅವರು ಹೋದ ಮೇಲೆ ದೊಡ್ಡಮ್ಮ ತನ್ನ ಕಣ್ಣಿನ ಕಾಡಿಗೆ ಬಿಟ್ಟಳು, ಬಂದೂಕಿನದನ್ನು ಬಿಡಲಿಲ್ಲ. ನನ್ನನ್ನು ಬಿಟ್ಟರೆ ಮೂವರಿಗೆ ಈ ಸಂಗತಿ ತಿಳಿದಿತ್ತು. ದೊಡ್ಡಪ್ಪ, ದೊಡ್ಡಮ್ಮ, ನನ್ನ ಅಪ್ಪ.

ತಟ್ಟೆ ಒಡೆದ ಆ ವರ್ಷ ಅಪ್ಪ ಕಚೇರಿಗೆ ಅರ್ಜಿ ಕೊಟ್ಟರು. ಒಂಟಿ ಹೆಂಗಸಿನ ಬಳಿ ಬಂದೂಕು ಇರುವುದು ಸರಿಯಲ್ಲ, ತಮ್ಮ ಹೆಸರಿಗೆ ಬರೆಸಬೇಕು ಎಂದು. ಅವರ ಮೇಲೆ ನಾನು ಇಲ್ಲದ ಆರೋಪ ಹೊರಿಸುವುದಿಲ್ಲ. "ಅತ್ಗೆಮ್ಮ, ನಾಳೆ ನಿಮಗೇನಾದ್ರೂ ಆದ್ರೆ ಜನ ಕೇಳೋದು ನನ್ನ" ಎಂದು ಅವರು ಅವಳೆದುರೇ ಹೇಳಿದ್ದರು. ಬಂದೂಕು ಹೋದರೆ ಅವಳು ಕಾಡಂಚಿನ ಆ ಹೊಲದಲ್ಲಿ ಇರಲಾಗದು. ಹೊಲ ಬೇರೆಯವರ ಕೈಗೆ ವಾರಕ್ಕೆ ಹೋಗುತ್ತದೆ, ಅವಳು ಪೇಟೆಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಗೆ ಬರುತ್ತಾಳೆ. ಅಪ್ಪನಿಗೆ ಅದು ಕರ್ತವ್ಯ. ದೊಡ್ಡಮ್ಮನಿಗೆ ಅದು, ಅವಳದೇ ಮಾತಿನಲ್ಲಿ, "ಇನ್ನೊಬ್ಬರ ಒಲೆ ಮುಂದೆ ಕೂತು ಮುದುಕಿಯಾಗೋದು". ಅಮಲ್ದಾರರು ಎರಡೂ ಕಡೆ ಕೇಳಿ, ಆಕೆ ಬಂದು ಹೊಡೆದು ತೋರಿಸಲಿ, ಎರಡು ತೋಟಾ ಕೊಡುತ್ತೇವೆ, ಒಂದಾದರೂ ತಗುಲಿದರೆ ಬಂದೂಕು ಆಕೆಯದೇ ಎಂದರು. ಗೊತ್ತು ಮಾಡಿದ ದಿನ ವಿಜಯದಶಮಿಯ ಮಾರನೆಯ ದಿನ.

ನಮ್ಮಲ್ಲಿ ಆಯುಧಪೂಜೆಗೆ ಹೊಲದ ಮನೆಯದೂ ಸೇರಿ ನೇಗಿಲು, ಕುಡುಗೋಲು, ಬಂದೂಕು ಎಲ್ಲವೂ ಪೇಟೆಯ ಮನೆಗೆ ಬರಬೇಕು. ದೊಡ್ಡಮ್ಮ ತಂದುಕೊಟ್ಟಳು. ಅಪ್ಪ ತಾವೇ ಹಿತ್ತಲಲ್ಲಿ ಕೂತು ಬಂದೂಕನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರು. ನೋಡಿದವರೆಲ್ಲ ಮೆಚ್ಚಿದರು; ಹೊಸ ಪಾತ್ರೆಯ ಹಾಗೆ ಫಳಫಳ ಅನ್ನುತ್ತಿತ್ತು. ವಿಭೂತಿ ಬಳಿದು, ಹೂ ಇಟ್ಟು ಪೂಜೆಯಾಯಿತು. ಮಡಿಬಟ್ಟೆ ಸುತ್ತಿದ ಅದನ್ನು ಪರೀಕ್ಷೆಯ ದಿನ ಅರ್ಕಾವತಿ ಹೊಳೆಯ ದಂಡೆಯವರೆಗೆ ಹೊತ್ತು ತಂದವರೂ ಅಪ್ಪನೇ.

ಮಣ್ಣಿನ ತಟ್ಟೆಯೊಂದನ್ನು ದಿಬ್ಬಕ್ಕೆ ಆನಿಸಿ ಇಟ್ಟಿದ್ದರು. ಜನ ಸೇರಿದ್ದರು. ಬಿಸಿಲು ಬಲಗಡೆಯಿಂದ ಬೀಳುತ್ತಿತ್ತು. ದೊಡ್ಡಮ್ಮ ಬಟ್ಟೆ ಬಿಚ್ಚಿ, ಬಂದೂಕು ಎತ್ತಿ, ಕೆನ್ನೆ ಕೂರಿಸಿದಳು. ಒಂದು ಗಳಿಗೆ ಇಳಿಸಿದಳು. ಅಪ್ಪನ ಕಡೆಗೊಮ್ಮೆ ನೋಡಿದಳು. ಮತ್ತೆ ಎತ್ತಿ ಹೊಡೆದಳು. ತಟ್ಟೆಯ ಎಡಕ್ಕೆ ಮಣ್ಣು ಹಾರಿತು.

"ಹೋಯ್ತಲ್ಲವ್ವ ಬಂದೂಕ" ಎಂದು ಯಾರೋ ಹಿಂದಿನಿಂದ ಅಂದರು. ನಗೆ ಎದ್ದಿತು.

ಅವಳು ಕಾವಲಿನ ಪೋಲೀಸಿನವನನ್ನು ಬೆಂಕಿಪೊಟ್ಟಣ ಕೇಳಿದಳು.

"ಯಾಕವ್ವ, ಬೀಡಿ ಹಚ್ತೀಯಾ?"

"ಇಲ್ಲ ಕಣಪ್ಪ. ಇದುಕ್ಕೆ ಒಸಿ ಕಾಡಿಗೆ ಹಚ್ಬೇಕು" ಎಂದಳು. ಜನ ಮತ್ತೆ ನಕ್ಕರು. "ಬಂದೂಕಕ್ಕೆ ಮದ್ವೆ ಕಣ್ಲಾ" ಎಂದ ಒಬ್ಬ. ಅವಳು ಅಮಲ್ದಾರರ ಕಡೆ ತಿರುಗಿ, "ಬಿಸ್ಲು ಕಣ್ಣಿಗೆ ಹೊಡೀತೈತೆ ಸ್ವಾಮಿ" ಎಂದಷ್ಟೇ ಹೇಳಿದಳು. ಕಡ್ಡಿ ಗೀರಿ ಮೊಳೆಗೆ ಹಿಡಿದಳು. ಅದು ಮಸಿಯಾಗುವ ತನಕ ಒಂದಾದ ಮೇಲೊಂದು ಕಡ್ಡಿ. ಆಮೇಲೆ ತುಟಿ ಅಲುಗಿದ್ದನ್ನು ಕಂಡವರು ಮಂತ್ರ ಎಂದರು. ನನಗೆ ಆ ಮಂತ್ರ ಬಾಯಿಪಾಠವಾಗಿತ್ತು: ಎಳೀಬ್ಯಾಡ, ಹಾಲು ಕರೆದಂಗೆ ಒತ್ತು. ತಟ್ಟೆ ಚೂರಾಯಿತು.

ಗಾಡಿಯಲ್ಲಿ ಅವಳನ್ನು ಹೊಲಕ್ಕೆ ಬಿಡಲು ನಾನೇ ಹೋದೆ. ದಾರಿಯಲ್ಲಿ ಕೇಳಿದೆ, "ಎತ್ತಿದ ಕೂಡಲೇ ಹೊಳಪು ಕಾಣಲಿಲ್ಲವೇ?"

"ಕಾಣ್ದೇ ಏನು. ಮೊಳೆ ದೀಪದಂಗೆ ಉರೀತಿತ್ತು."

"ಮತ್ತೆ ಮೊದಲೇ ಏಕೆ ಮಸಿ ಮಾಡಲಿಲ್ಲ? ತೋಟಾ ಇದ್ದದ್ದೇ ಎರಡು."

"ಪೂಜೆಗೆ ಅಂತ ಅವ್ನು ಉಜ್ಜಿದ್ದು. ಊರೋರ ಮುಂದೆ, ಅವ್ನ ಕಣ್ಣೆದ್ರಿಗೇ ಮಸಿ ಬಳೀಲಾ? ಹಂಗೇ ಒಂದ್ಸಲ ನೋಡ್ವ, ದೇವ್ರಿದ್ರೆ ನೆಟ್ಗೆ ಹೋಯ್ತದೆ ಅಂದ್ಕಂಡೆ. ಹೋಗ್ನಿಲ್ಲ."

"ಅಪ್ಪನಿಗೆ ಇದು ನೆನಪಿತ್ತೇ ದೊಡ್ಡಮ್ಮ? ನೆನಪಿದ್ದೂ ಉಜ್ಜಿದರೇ?"

ಅವಳು ಎತ್ತುಗಳ ಬೆನ್ನನ್ನೇ ನೋಡುತ್ತಿದ್ದಳು. "ನನ್ನ ಕೇಳಿದ್ರೆ? ಅವ್ನ ಕೇಳು. ಕೇಳ್ದೇ ಇದ್ರೂ ಒಳ್ಳೇದೇಯ."

ಬಂದೂಕನ್ನು ಅವಳು ಗೆದ್ದಳು. ಊರಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಮುಂದಿನ ಆಯುಧಪೂಜೆಗೆ ಅವಳು ನಮ್ಮ ಮನೆಗೆ ಬರಲಿಲ್ಲ, ಬಂದೂಕನ್ನೂ ಕಳಿಸಲಿಲ್ಲ. ಅಪ್ಪ ಕರೆಯಲೂ ಇಲ್ಲ. ಹೊಲದ ಮನೆಯಲ್ಲಿ ಒಬ್ಬಳೇ ಕೂತು, ಒಂದೇ ಒಂದು ಆಯುಧಕ್ಕೆ ಒಂದು ಹೂವಿಟ್ಟು ಪೂಜೆ ಮಾಡುತ್ತಿದ್ದಳು. ಒಂದು ವರ್ಷ ನಾನು ಹೋಗಿದ್ದೆ. "ಪೇಟೆ ಮನೇಲಿ ಕಡುಬು ಮಾಡವ್ರಾ?" ಎಂದು ಕೇಳಿದಳು. ಮಾಡಿದ್ದಾರೆ ಎಂದೆ. "ಅವ್ನಿಗೆ ಕಡುಬು ಅಂದ್ರೆ ಪ್ರಾಣ" ಎಂದಳು. ಅವಳ ಒಲೆಯ ಮೇಲೆ ಕಡುಬಿನ ಪಾತ್ರೆ ಬೇಯುತ್ತಿತ್ತು, ಒಬ್ಬಳ ಮನೆಗೆ ಬಲು ದೊಡ್ಡ ಪಾತ್ರೆ. ಬಾಗಿಲ ಕಡೆ ನೋಡಬಾರದೆಂದು ಅವಳು ಪಟ್ಟ ಪ್ರಯತ್ನವನ್ನು ನಾನು ನೋಡಿದೆ.

ಹೋದ ಸುಗ್ಗಿಯಲ್ಲಿ ಅವಳಿಗೆ ಚಳಿಜ್ವರ ಬಂತು. ಸುದ್ದಿ ನಮಗೆ ತಲುಪುವ ಹೊತ್ತಿಗೆ ಮುಗಿದುಹೋಗಿತ್ತು. ಅವಳ ಹೊಲದಲ್ಲೇ, ದೊಡ್ಡಪ್ಪನ ಮಗ್ಗುಲಿಗೆ ಸಮಾಧಿ ತೋಡಿದರು. ಕೂರಿಸುವ ಮೊದಲು ಮೀಯಿಸಿ, ಮೈಗೆಲ್ಲ ವಿಭೂತಿ ಧರಿಸಿದರು. ತೋರುಬೆರಳಿನ ಕಪ್ಪು ಮಾತ್ರ ಹೋಗಲಿಲ್ಲ. ಅಯ್ಯನವರು ಸೀಗೆಪುಡಿ ತರಿಸಿ ಎಂದರು. "ಇರಲಿ ಬಿಡಿ" ಎಂದು ಅಡ್ಡ ಬಂದವರು ನನ್ನ ಅಪ್ಪ.

ಬಂದೂಕು ಈಗ ಅಪ್ಪನ ಹೆಸರಿನಲ್ಲಿದೆ. ಅರಗಿನ ಗುಂಡು ನನ್ನ ಬಳಿ, ಹಾಸ್ಟೆಲ್ಲಿನ ಮೇಜಿನ ಮೇಲೆ ಇದೆ. ಚರ್ಚೆಗೆ ಹೋಗುವ ಮುನ್ನ ಅದನ್ನು ಬೆರಳಿನ ಮೇಲೆ ಕೂರಿಸಿ, ಅರ್ಧ ಉಸಿರು ಬಿಟ್ಟು, ನಿಲ್ಲಿಸುತ್ತೇನೆ. ಬೀಳುತ್ತದೆ.

ಈ ಸಲದ ಆಯುಧಪೂಜೆಗೆ ಊರಿಗೆ ಹೋಗಿದ್ದೆ. ಹಿತ್ತಲಲ್ಲಿ ಅಪ್ಪ ಹುಣಸೆಹಣ್ಣು, ಬೂದಿ ಇಟ್ಟುಕೊಂಡು ಕೂತಿದ್ದರು. ಕುಡುಗೋಲು ಉಜ್ಜಿದರು, ನೇಗಿಲಿನ ಗುಳ ಉಜ್ಜಿದರು. ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಳಿಗೆಯುದ್ದಕ್ಕೂ ಉಜ್ಜುತ್ತ ಬಂದರು. ತುದಿಯ ಮೊಳೆಯ ಹತ್ತಿರ ಬಂದಾಗ ಕೈ ನಿಂತಿತು. ಅವಳು ಕೊನೆಯ ಸಲ ಹಚ್ಚಿದ ಕಾಡಿಗೆ ಅದರ ಮೇಲೆ ಹಾಗೇ ಇತ್ತು. ಅಪ್ಪ ಅದನ್ನು ಮುಟ್ಟದೆ, ಅದರ ಸುತ್ತಲಿನ ಬೂದಿಯನ್ನು ಮಾತ್ರ ಪಂಚೆಯ ಅಂಚಿನಿಂದ ಒರೆಸಿದರು.

ನಾನು ಅವರ ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ. "ಅಪ್ಪಾ, ಆ ವರ್ಷ ಇದನ್ನು ಉಜ್ಜುವಾಗ ನಿಮಗೆ ಈ ಕಾಡಿಗೆ ನೆನಪಿತ್ತೇ?"