ಒಂದೇ ಕಲ್ಲಲ್ಲಿ ಬೀಸಿದ ಮೇಲೆ

“ಹೊಸ ತಳಿ ರಾಗಿಮುದ್ದೆ ನೋಡ್ರಪ್ಪ, ಬೆಣ್ಣೆ ಇದ್ದಂಗದೆ!” ಎಂದ ಗ್ರಾಮಸೇವಕ, ನಮ್ಮ ಜಗಲಿಯಲ್ಲಿ ಎರಡು ಮುದ್ದೆ ಇಟ್ಟುಕೊಂಡು. ನಮ್ಮ ಮನೆ ರಾಗಿಯದು ತರಿತರಿಯಾಗಿತ್ತು. ನಮ್ಮ ಯಜಮಾನರು ಮನೆಯ ಬೀಜ ಬಿಟ್ಟು ಹೊಸದನ್ನೇ ಬಿತ್ತಲು ಒಪ್ಪಿಬಿಟ್ಟರು.

ನನಗೆ ತಡೆಯಲಾಗಲಿಲ್ಲ. “ನಿನ್ನ ರಾಗಿ ಅರಕಲಗೂಡು ಮಿಲ್ಲಲ್ಲಿ ಬೀಸಿದ್ದು, ನಮ್ದು ರಾಗಿಕಲ್ಲಲ್ಲಿ ನಾನು ಬೀಸಿದ್ದು. ನೀನು ನೋಡ್ತಿರೋದು ಬೀಜಾನೋ, ಮಿಲ್ಲನ್ನೋ? ಎರಡ್ನೂ ಒಂದೇ ಕಲ್ಲಿಗಾಕಿ ಆಮೇಲೆ ಯೋಳಪ್ಪ,” ಎಂದೆ.

“ಅಂಗಾದ್ರೆ ನೀವೇ ಬೀಸ್ಕೊಡಿ ಅಮ್ಮಾ,” ಎಂದ.

ಬೀಸಿದೆ, ರಟ್ಟೆ ಬಿದ್ದುಹೋಯಿತು. ಮತ್ತೆ ಮುದ್ದೆ ಕಟ್ಟಿಟ್ಟರೆ ಯಾವುದು ಯಾವ ರಾಗಿಯದೆಂದು ಅವನಿಗೂ ತಿಳಿಯಲಿಲ್ಲ. ಯಜಮಾನರು ಮನೆಯ ಬೀಜವನ್ನೇ ಬಿತ್ತಿದರು.

ಈಗಲೂ ಯಾರಾದರೂ ಅದಕ್ಕಿಂತ ಇದು ಮೇಲು ಎಂದರೆ, ಎರಡನ್ನೂ ಬೀಸಿದ್ದೆಲ್ಲಿ ಎಂದು ಕೇಳಬೇಕೆನಿಸುತ್ತದೆ. ಆದರೆ ಕೇಳಿದವರ ಮೇಲೇ ಬೀಸುವ ಕೆಲಸ ಬೀಳುತ್ತದೆ. ಸುಮ್ಮನಾಗುತ್ತೇನೆ.