ಶಾಮಿಯಾನದಕ್ಕ ಕಟ್ಟಿದ ಆಸ್ಪತ್ರೆ

ನಮ್ಮೂರಿನಲ್ಲಿ ಶಾಮಿಯಾನದಕ್ಕನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬರು ಅವಳ ಅತ್ತೆ. ಅವರಿಗೆ ಕಿವಿ ಮಂದ. ಇನ್ನೊಬ್ಬ ಎದುರು ಸಾಲಿನಲ್ಲಿ ಅವಳ ಹಾಗೇ ಮದುವೆಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದ ಅರಮನೆ. ಅವನ ಬಾಯಿ ಅವಳದ್ದಕ್ಕಿಂತ ದೊಡ್ಡದು. ಅಂಗಡಿಯ ಬೋರ್ಡಿನ ಮೇಲೆ ಅರಮನೆಯ ಚಿತ್ರ ಬರೆಸಿಕೊಂಡಿದ್ದರಿಂದ ಅವನಿಗೆ ಆ ಹೆಸರು. ಒಳಗಿರುವುದೆಲ್ಲ ಇಲಿ ಕಡಿದ ಜಮಖಾನ, ಕಾಲು ಅಲ್ಲಾಡುವ ಕುರ್ಚಿ ಎಂದು ಅಕ್ಕ ಹೇಳುತ್ತಿದ್ದಳು. ಅಕ್ಕನ ಪಾತ್ರೆಗಳಲ್ಲಿ ಹಿಂದಿನ ಮದುವೆಯ ವಾಸನೆ ಮುಂದಿನ ಮದುವೆಗೂ ಬರುತ್ತದೆ ಎಂದು ಅವನು ಹೇಳುತ್ತಿದ್ದ. ಇಬ್ಬರೂ ಹೇಳುತ್ತಿದ್ದದ್ದು ನಿಜ.

ಅಕ್ಕ ಈ ವ್ಯಾಪಾರಕ್ಕೆ ಇಳಿದದ್ದು ಗಂಡನ ನಿದ್ದೆಯ ದೆಸೆಯಿಂದ. ಮೊದಲು ಅವನೇ ಯಜಮಾನ. ಒಳ್ಳೆಯವನೇ, ಆದರೆ ಕಂಬ ನೆಡಲು ಹೋದರೆ ಅದರ ನೆರಳಿನಲ್ಲೇ ಒರಗುವವನು. ಒಂದು ಮದುವೆಯಲ್ಲಿ ಮದುಮಗ ಬಂದು ನೋಡಿದರೆ, ಅವನು ಕೂರಬೇಕಾದ ಮಖಮಲ್ಲಿನ ಸೋಫಾದ ಮೇಲೆ ಇವನು ಗೊರಕೆ ಹೊಡೆಯುತ್ತಿದ್ದ. ಅಕ್ಕ ಅಲ್ಲೇ ಗಂಡನನ್ನು ಎಬ್ಬಿಸಿ, ಗೋದಾಮಿನ ಬೀಗದ ಕೈ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ಅವಳು ಯಜಮಾನಿ, ಅವನು ಟೆಂಪೋ ಡ್ರೈವರ್. ಅವನಿಗೂ ಹಾಯೆನಿಸಿತು. ಟೆಂಪೋದಲ್ಲಿ ಮೆತ್ತನೆಯ ಸೀಟಿತ್ತು.

ಆ ಕಾಯಿಲೆ ಮೊದಲು ಟಿವಿಯಲ್ಲಿ ಬಂತು, ಆಮೇಲೆ ಪಟ್ಟಣಕ್ಕೆ ಬಂತು, ಕೊನೆಗೆ ಬಸ್ಸು ಹತ್ತಿ ನಮ್ಮೂರಿಗೂ ಬಂತು. ಜನ ಸೇರಬಾರದು ಎಂದು ಸರ್ಕಾರ ಅಪ್ಪಣೆ ಮಾಡಿತು. ಜನ ಸೇರುವುದನ್ನೇ ನಂಬಿ ಹೊಟ್ಟೆ ಹೊರೆಯುವವರು ಏನು ಮಾಡಬೇಕೆಂಬುದು ಅದರಲ್ಲಿರಲಿಲ್ಲ. ಮದುವೆಗಳು ಮನೆಯ ಪಡಸಾಲೆಯೊಳಗೇ ಮುಗಿದವು. ಅಕ್ಕ ಗೋದಾಮಿನ ಬಾಗಿಲಲ್ಲಿ ಕೂತು ಕಾಯಿಲೆಯನ್ನೇ ಬೈಯತೊಡಗಿದಳು. “ಮುಖ ತೋರ್ಸೋಕೆ ಧೈರ್ಯ ಇಲ್ಲ, ಊರು ಹಾಳ್ಮಾಡೋಕೆ ಬಂದ್ಬಿಟ್ಟ!”

ನಮ್ಮ ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಜಗುಲಿ, ಒಂದು ನಲ್ಲಿ. ಸುತ್ತಲಿನ ಹಳ್ಳಿಗಳಿಗೆಲ್ಲ ಅದೇ ಗತಿ. ಡಾಕ್ಟರು ಹೊಸದಾಗಿ ಬಂದ ಹುಡುಗಿ, ಎಷ್ಟು ಮೆತ್ತಗೆ ಮಾತಾಡುತ್ತಿದ್ದರೆಂದರೆ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ರೋಗಿಗಳು ಹೊರಗೆ ಬಂದು ಪರಸ್ಪರ ವಾದ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಅವರು ಸ್ಕೂಟರಿನಲ್ಲಿ ಗೋದಾಮಿಗೆ ಬಂದರು.

“ಅಕ್ಕಾ, ಒಂದು ಶಾಮಿಯಾನ ಬೇಕಿತ್ತು.”

“ಯಾರ ಮದುವೆ?”

“ಮದುವೆ ಅಲ್ಲ. ಜ್ವರದವರನ್ನ ಬೇರೆ ಕೂರಿಸ್ಬೇಕು. ಒಳಗೆ ಗಾಳಿ ಆಡಲ್ಲ. ಬಸುರಿಯರು, ಕೆಮ್ಮೋರು ಎಲ್ಲ ಒಂದೇ ಬೆಂಚಲ್ಲಿ ಕೂತಿದ್ದಾರೆ.”

“ಜ್ವರದವರು ಕೂತ ಕುರ್ಚಿಗೆ ನಾಳೆ ಯಾರು ಬರ್ತಾರೆ ಡಾಕ್ಟ್ರೇ?”

“ನಾಳೆ ಕೂರೋಕೆ ಜನ ಉಳೀಬೇಕಲ್ಲ ಅಕ್ಕಾ.”

ಅಕ್ಕ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. “ಮೆತ್ತಗಿದ್ದೀರಿ ಅಂದ್ಕೊಂಡಿದ್ದೆ. ಚೆನ್ನಾಗೇ ಕುಟುಕ್ತೀರಿ,” ಎಂದು ಗಂಡನನ್ನು ಕೂಗಿದಳು.

ಬಿಳಿ ಬಟ್ಟೆಯನ್ನೆಲ್ಲ ಗೆದ್ದಲು ತಿಂದಿತ್ತು. ಇದ್ದದ್ದು ಮದುವೆಯ ಕೆಂಪು ಬಟ್ಟೆ, ಅಂಚಿಗೆ ಚಿನ್ನದ ಬಣ್ಣದ ಝಾಲರಿ. ಅದನ್ನೇ ಆಸ್ಪತ್ರೆಯ ಅಂಗಳದಲ್ಲಿ ಕಟ್ಟಿದಳು. ನಾಲ್ಕೂ ಬದಿಗೆ ಪರದೆ ಬಿಡಲು ಹೋದಾಗ ಡಾಕ್ಟರು ಬೇಡವೆಂದರು.

“ಪರದೆ ಇಲ್ಲದ ಶಾಮಿಯಾನ ಅಂದ್ರೆ ಚಡ್ಡಿ ಇಲ್ಲದ ಗಂಡಸು ಇದ್ದಂಗೆ ಡಾಕ್ಟ್ರೇ,” ಎಂದಳು ಅಕ್ಕ.

“ಗಾಳಿ ಆಡುತ್ತಲ್ಲ ಅಕ್ಕಾ,” ಎಂದರು ಡಾಕ್ಟರು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

ಅಕ್ಕ ಏಣಿಯ ಮೇಲೆ ನಿಂತು ನಕ್ಕ ನಗುವಿಗೆ ಕಂಬ ಅಲ್ಲಾಡಿತು. ಇಬ್ಬರಿಗೂ ಸ್ನೇಹವಾದದ್ದು ಅಲ್ಲಿಂದ.

ಶಾಮಿಯಾನವೇನೋ ಎದ್ದಿತು, ಜನ ಬರಲಿಲ್ಲ. ಅದಕ್ಕೆ ಅರಮನೆ ಕಾರಣ. ಅಂಗಡಿಯ ಕಟ್ಟೆಯ ಮೇಲೆ ಕೂತು, “ಅವಳ ಟೆಂಟಿಗೆ ನಡ್ಕೊಂಡು ಹೋದೋರನ್ನ ಹೊತ್ಕೊಂಡು ಬರ್ತಾರೆ” ಎಂದು ಹಾದುಹೋಗುವವರಿಗೆಲ್ಲ ಹೇಳುತ್ತಿದ್ದ. ಮಾತು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಜ್ವರ ಬಂದವರು ಕಂಬಳಿ ಹೊದ್ದು ಮನೆಯಲ್ಲೇ ಅಡಗಿದರು. ಅಕ್ಕ ಟೆಂಪೋದ ನೆತ್ತಿಗೆ ಮೈಕಿನ ಎರಡು ಕಹಳೆ ಕಟ್ಟಿಸಿ, ಗಂಡನ ಪಕ್ಕದಲ್ಲಿ ಕೂತು ಹಳ್ಳಿ ಹಳ್ಳಿ ಸುತ್ತಿದಳು.

“ಮೂಲೆ ಮನೆ ಮೇಷ್ಟ್ರೇ, ನೀವು ಕೆಮ್ಮೋದು ಊರ ಬಾಗಿಲಿಗೇ ಕೇಳುತ್ತೆ. ಬಾಯಿಗೆ ದಿಂಬು ಇಟ್ಕೊಂಡ್ರೆ ಕಾಯಿಲೆ ವಾಸಿ ಆಗಲ್ಲ, ದಿಂಬು ಗಲೀಜಾಗುತ್ತೆ, ಅಷ್ಟೆ. ಬನ್ನಿ ಹೊರಗೆ!”

ಮೇಷ್ಟ್ರು ಬಂದರು, ನಾಚಿಕೆಯಿಂದ ಕುಗ್ಗಿ ಹಿಡಿಯಷ್ಟಾಗಿ. ಅವತ್ತು ಡಾಕ್ಟರು ಮೊದಲ ಬಾರಿ ಗಟ್ಟಿಯಾಗಿ ಮಾತಾಡಿದರು. “ಅಕ್ಕಾ, ಕಾಯಿಲೆ ಬಂದವರನ್ನ ಬೀದಿಗೆಳೀಬಾರ್ದು. ನಾಳೆ ಅವರ ಮನೆಗೆ ನೀರು ಕೊಡೋಕೂ ಜನ ಹೆದರ್ತಾರೆ. ಹೀಗೇ ಮಾಡೋದಾದ್ರೆ ಮೈಕು ಬೇಡ.”

ಅಕ್ಕನಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಮೈಕು ಕೆಳಗಿಟ್ಟಳು. ಆಮೇಲೆ ಕೇಳಿದಳು: “ಚೆನ್ನಾಗಿರೋರ ಮಾನ ತೆಗೀಬಹುದು ತಾನೆ?”

ಡಾಕ್ಟರು ಯೋಚಿಸಿದರು. “ಅದು ನಿಮ್ಮಿಷ್ಟ.”

ಮರುದಿನದಿಂದ ಅಕ್ಕ ಕಾಯಿಲೆಯವರ ಸುದ್ದಿಗೆ ಹೋಗಲಿಲ್ಲ. ಗುಂಪು ಕಟ್ಟಿಕೊಂಡು ಇಸ್ಪೀಟಾಡುವ ಗಟ್ಟಿಮುಟ್ಟಾದವರನ್ನು, ಮುಖಕ್ಕೆ ಹಾಕುವ ಬಟ್ಟೆಯನ್ನು ಗಡ್ಡಕ್ಕೆ ತೊಡಿಸಿದವರನ್ನು, ಜ್ವರದ ಮನೆಯ ಬಾಗಿಲಿಗೆ ಕಾಳು ಬೇಳೆ ಇಡದೆ ತಪ್ಪಿಸಿಕೊಂಡ ನೆಂಟರನ್ನು ಹೆಸರು ಹಿಡಿದು ಬೈದಳು. ಮೈಕಿನ ಸದ್ದು ದೂರದಿಂದ ಕೇಳಿದರೆ ಸಾಕು, ಇಸ್ಪೀಟಿನ ಕಟ್ಟು ಮಾಯವಾಗುತ್ತಿತ್ತು, ನೆಂಟರು ಅಕ್ಕಿ ಚೀಲ ಹೊತ್ತು ಓಡುತ್ತಿದ್ದರು. ಮೇಷ್ಟ್ರು ವಾಸಿಯಾಗಿ ಮನೆಗೆ ನಡೆದುಕೊಂಡೇ ಹೋದದ್ದನ್ನು ಊರು ಕಣ್ಣಾರೆ ಕಂಡಿತು. ಕಂಬಳಿಗಳು ಒಂದೊಂದಾಗಿ ಶಾಮಿಯಾನದ ಕಡೆ ಬರತೊಡಗಿದವು.

ಎರಡನೆಯ ಸಲ ಕಾಯಿಲೆ ಉಕ್ಕಿ ಬಂದಾಗ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಜಾಗ ಸಿಗಲಿಲ್ಲ. ಅಕ್ಕ ಮದುವೆಯ ಬೀಗರಿಗೆಂದು ಇಟ್ಟಿದ್ದ ಮಂಚ, ಹಾಸಿಗೆ ಎಲ್ಲ ತಂದು ಸುರಿದಳು. ಆಕ್ಸಿಜನ್ ಮಷೀನುಗಳು ಬಂದವು. ಕರೆಂಟನ್ನು ನಂಬುವ ಹಾಗಿರಲಿಲ್ಲವಾದ್ದರಿಂದ ಅವಳ ಜನರೇಟರೂ ಬಂತು.

ಅಲ್ಲಿಗೆ ಬಂದವರೆಲ್ಲ ಎದ್ದು ಹೋಗಲಿಲ್ಲ. ಹಿಟ್ಟಿನ ಗಿರಣಿಯವನ ಮಗಳ ಮದುವೆಗೆ ಕಟ್ಟಿದ್ದು ಅದೇ ಕೆಂಪು ಬಟ್ಟೆ. ಝಾಲರಿ ಇನ್ನೂ ಬೇಕು ಎಂದು ಹಟ ಹಿಡಿದು ಹೊಲಿಸಿಕೊಂಡಿದ್ದ ಹುಡುಗಿ. ಈಗ ಅದರ ಕೆಳಗೆ ಮಲಗಿ ಮೇಲೆ ನೋಡುತ್ತ, “ಝಾಲರಿ ಹರಿದುಹೋಗಿದೆಯಲ್ಲ ಅಕ್ಕಾ,” ಎಂದಳು.

“ನಿನ್ನ ಮಗಳ ಮದುವೆಗೆ ಹೊಸದು ಹಾಕಿಸ್ತೀನಿ. ಮೊದಲು ಎದ್ದೇಳು ನೀನು.”

ಪಟ್ಟಣದಲ್ಲಿ ಒಂದು ಹಾಸಿಗೆ ಖಾಲಿಯಾಯಿತೆಂದು ಸುದ್ದಿ ಬಂದು, ಗಾಡಿ ಹತ್ತಿಸಿ ಕಳಿಸಿದರು. ಹುಡುಗಿ ದಾರಿಯಲ್ಲೇ ತೀರಿಹೋದಳು. ಅಕ್ಕ ಅವತ್ತು ಯಾರನ್ನೂ ಬೈಯಲಿಲ್ಲ. ಇಡೀ ಊರಿಗೆ ಭಯವಾಯಿತು. ಮರುದಿನ ಕೆಂಪು ಬಟ್ಟೆ ಇಳಿಸಿ, ಲಾರಿಗೆ ಹೊದಿಸುವ ನೀಲಿ ಟಾರ್ಪಾಲು ಕಟ್ಟಿದಳು. ಗಂಡ ಹೇಳಿಸಿಕೊಳ್ಳದೆ ಬಂದು ಏಣಿ ಹಿಡಿದ. ಮದುವೆಯಾದ ಮೇಲೆ ಅವನು ತಾನಾಗಿ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಅದೇ ವಾರ ಅರಮನೆಯ ಅಂಗಡಿ ಮುಚ್ಚಿತು. ಯಜಮಾನರು ಪಟ್ಟಣಕ್ಕೆ ಹೋಗಿದ್ದಾರೆ ಎಂದಳು ಅವನ ಹೆಂಡತಿ. ಮಹಡಿಯಿಂದ ಕೆಮ್ಮು ಕೇಳುತ್ತಿತ್ತು. ಅಕ್ಕ ಹಿತ್ತಲ ಕಡೆಯಿಂದ ಹೋಗಿ, ಕಿಟಕಿಯ ಕೆಳಗೆ ನಿಂತು, ಅವಳ ಮಟ್ಟಿಗೆ ಪಿಸುಮಾತು ಎನ್ನಬಹುದಾದ ದನಿಯಲ್ಲಿ ಕೇಳಿದಳು:

“ಏನಯ್ಯಾ, ಬದುಕಿದ್ದೀಯಾ?”

ಕಿಟಕಿ ತೆರೆಯಿತು. “ನನಗೇನಾಗಿದೆ? ಧೂಳು, ಅಷ್ಟೆ.”

“ಕುರ್ಚಿ ಒರೆಸಿದ್ರೆ ತಾನೆ ನಿನಗೆ ಧೂಳು ಹತ್ತೋದು? ಇಳಿ ಕೆಳಗೆ.”

“ನಿನ್ನ ಟೆಂಟಿಗಾ? ಸತ್ತರೂ ಬರಲ್ಲ.”

“ಸತ್ತ ಮೇಲೆ ನಾನೂ ಸೇರ್ಸಲ್ಲ. ಬರೋದಾದ್ರೆ ಈಗ್ಲೇ ಬಾ.”

ಅವನು ಏನೋ ಹೇಳಲು ಹೋದ, ಉಸಿರು ಸಾಲಲಿಲ್ಲ. ಅಕ್ಕ ಕಾದಳು. ಎಣ್ಣೆ ಸೀಗೆಕಾಯಿಯ ಹಾಗೆ ಬದುಕಿದ ಇಷ್ಟು ವರ್ಷಗಳಲ್ಲಿ ಅವನು ಮಾತಿಗೆ ಮಾತು ಕೊಡದಿದ್ದದ್ದು ಅದೇ ಮೊದಲು. ಅಕ್ಕ ತಡಮಾಡಲಿಲ್ಲ. ಗಂಡನನ್ನೂ ಆಸ್ಪತ್ರೆಯ ಇಬ್ಬರು ಕೆಲಸದವರನ್ನೂ ಕರೆಸಿದಳು. ಇಳಿಸಲು ತಂದ ಸ್ಟ್ರೆಚರು ಮೆಟ್ಟಿಲಲ್ಲಿ ತಿರುಗಲಿಲ್ಲ. ಕೊನೆಗೆ ಅರಮನೆಯ ಗೋದಾಮಿನಲ್ಲೇ ಇದ್ದ, ಸಿಂಹದ ತಲೆಯ ಹಿಡಿಗಳಿರುವ ಮದುಮಗನ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಬೀದಿಯ ಎರಡೂ ಬದಿಗೆ ಜನ ಕಿಟಕಿಯಲ್ಲಿ ನಿಂತು ನೋಡಿದರು. ಅರಮನೆ ಕಣ್ಣು ಮುಚ್ಚಿಕೊಂಡಿದ್ದ, ಆದರೆ ಬೆನ್ನು ನೆಟ್ಟಗಿತ್ತು.

ಎರಡು ದಿನ ಕಳೆದು, ಸುಡುವ ಮಧ್ಯಾಹ್ನದಲ್ಲಿ ಕರೆಂಟು ಹೋಯಿತು. ಅಕ್ಕನ ಜನರೇಟರ್ ಎರಡು ಸಲ ಗೊರಗುಟ್ಟಿ ನಿಂತಿತು. ಮಷೀನುಗಳು ಕೂಗಿಕೊಂಡವು. ಡಾಕ್ಟರು ಇದ್ದ ಸಿಲಿಂಡರುಗಳನ್ನು ತೀರಾ ಬಳಲಿದವರಿಗೆ ಜೋಡಿಸತೊಡಗಿದರು. ಊರಿನಲ್ಲಿ ಇನ್ನೊಂದು ಜನರೇಟರ್ ಇದ್ದದ್ದು ಅರಮನೆಯ ಹತ್ತಿರ, ಅದರ ಬೀಗದ ಕೈ ಅವನ ದಿಂಬಿನಡಿ.

“ಕೊಡಯ್ಯಾ ಬೇಗ!”

ಅವನು ಮುಷ್ಟಿ ಬಿಗಿ ಹಿಡಿದ. “ನನ್ನ ಬೋರ್ಡು... ಮುಂದೆ... ಕಟ್ಬೇಕು.”

“ಉಸಿರು ಹೋಗ್ತಿದೆ, ಇವನಿಗೆ ಬೋರ್ಡಂತೆ! ಕಟ್ತೀನಿ ಕೊಡು. ಮುಂದೇನೇ ಕಟ್ತೀನಿ.”

ಅವನು ಕೊಟ್ಟ. ಅಕ್ಕನ ಗಂಡ ಟೆಂಪೋ ಓಡಿಸಿದ್ದನ್ನು ನೋಡಿದವರು ಅವನೇ ಎಂದು ನಂಬಲಿಲ್ಲ. ಜನರೇಟರ್ ಬಂದು ಗುಡುಗಿತು, ಮಷೀನುಗಳು ಮತ್ತೆ ಉಸಿರಾಡಿದವು, ಅವುಗಳ ಜೊತೆ ಮಲಗಿದ್ದವರೂ.

ಅರಮನೆ ಬದುಕಿಕೊಂಡ. ಮನೆಗೆ ಹೊರಟ ದಿನ ಗೋಡೆ ಹಿಡಿದುಕೊಂಡು ಅಂಗಳವನ್ನೆಲ್ಲ ಹುಡುಕಿದ. ಬೋರ್ಡು ಸಿಕ್ಕಿತು.

“ಏನಮ್ಮಾ ಇದು? ಮುಂದೆ ಕಟ್ತೀನಿ ಅಂದಿದ್ದೆ!”

“ಪಾಯಿಖಾನೆ ಮುಂದೇನೇ ಕಟ್ಟಿದ್ದೀನಲ್ಲ. ದಿನಾ ಎಲ್ಲರೂ ತಪ್ಪದೆ ಬರೋ ಜಾಗ, ಊರಲ್ಲಿ ಅದೊಂದೇ.”

ಆಮೇಲೆ ಲಸಿಕೆ ಶುರುವಾಯಿತು. ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಹಿಂದೆ ಮುಂದೆ ನೋಡುವವರನ್ನೆಲ್ಲ ಗದರಿಸಿ ಒಳಗೆ ತಳ್ಳುತ್ತಿದ್ದಳು. ಒಂದು ದಿನ ಅವಳ ಅತ್ತೆ ಎರಡನೆಯ ಸೂಜಿ ಹಾಕಿಸಿಕೊಂಡು, ತೋಳು ಒತ್ತಿಕೊಳ್ಳುತ್ತ ಹೊರಗೆ ಬಂದರು. ಕಿವಿ ಮಂದವಾದವರ ಗುಟ್ಟು ಇಡೀ ಅಂಗಳಕ್ಕೆ ಕೇಳುತ್ತದೆ.

“ಲೇ, ಊರಿಗೆಲ್ಲ ಚುಚ್ಚಿಸ್ತೀಯಲ್ಲ, ನೀನು ಯಾವಾಗ ಚುಚ್ಚಿಸ್ಕೊಂಡೆ? ಹೇಳೋದು ವೇದ, ತಿನ್ನೋದು ಬದನೆಕಾಯಿ!”

ಸಾಲು ಪೂರ್ತಿ ತಿರುಗಿ ನೋಡಿತು. ಅಕ್ಕನ ಮುಖ ಬಿಳಿಚಿತು. ತೆಂಗಿನ ಮರದಷ್ಟು ಎತ್ತರದ ಕಂಬ ಹತ್ತುವ ಹೆಂಗಸಿಗೆ ಸೂಜಿ ಎಂದರೆ ಹೆದರಿಕೆ ಎಂಬುದು ಅವತ್ತೇ ಊರಿಗೆ ಗೊತ್ತಾದದ್ದು. ಹಗ್ಗ ಸಡಿಲವಾಗಿದೆ ನೋಡಿ ಬರ್ತೀನಿ ಎಂದು ಎದ್ದಳು. ಅರಮನೆ ದಾರಿಗೆ ಅಡ್ಡ ನಿಂತು, ಒಳಕ್ಕೆ ಕೈ ತೋರಿಸಿದ. ಬೇರೆ ದಾರಿಯಿರಲಿಲ್ಲ. ಕಣ್ಣು ಮುಚ್ಚಿ ಕೂತು, ನರ್ಸಿನಿಂದ ಹಿಡಿದು ಸೂಜಿ ಕಂಡುಹಿಡಿದವನ ವಂಶದವರೆಗೂ ಬೈದಳು.

“ಮುಗೀತು ಅಕ್ಕಾ,” ಎಂದಳು ನರ್ಸು.

“ಯಾವಾಗ?”

“ನೀವು ಅವನ ತಾತನ ಹತ್ತಿರ ಇದ್ದಾಗ.”

ಕಾಯಿಲೆ ಇಳಿಯಿತು, ಮದುವೆಗಳು ಹೊರಗೆ ಬಂದವು. ಮೊದಲ ದೊಡ್ಡ ಮದುವೆಯನ್ನು ಅರಮನೆ ಹೊಡೆದುಕೊಂಡ. ಅಕ್ಕನ ಕುರ್ಚಿಗಳಲ್ಲಿ ರೋಗಿಗಳು ಕೂತಿದ್ದರೆಂದು ಗಿರಾಕಿಗೆ ನೆನಪಿಸಿದ್ದು ಅವನೇ. ಅಕ್ಕ ಬೀದಿಯ ನಡುವೆ ನಿಂತು, ಆ ಕುರ್ಚಿಗಳಲ್ಲಿ ಅತಿ ಹೆಚ್ಚು ಹೊತ್ತು ಕೂತವನು ಯಾರೆಂದು ಊರಿಗೆ ಕೇಳುವಂತೆ ಹೇಳಿದಳು. ಗಿರಾಕಿ ಇಬ್ಬರನ್ನೂ ಬಿಟ್ಟು ಪಟ್ಟಣದಿಂದ ಶಾಮಿಯಾನ ತರಿಸಿಕೊಂಡ. ಇಬ್ಬರೂ ಸೇರಿ ಅವನನ್ನು ಬೈದರು.

ಆಸ್ಪತ್ರೆಗೆ ಈಗ ಮೂರನೆಯ ಕೋಣೆ ಏಳುತ್ತಿದೆ. ಅಕ್ಕನಿಗೆ ಬಿ.ಪಿ. ಇದೆ ಎಂದು ಡಾಕ್ಟರು ಹೇಳಿದ್ದರಿಂದ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಾಳೆ. ಕಿರುಚಬೇಡಿ ಎಂದು ಅವರು ಹೇಳುತ್ತಾರೆ, ಆಗಲಿ ಎಂದು ತಲೆಯಾಡಿಸುತ್ತಾಳೆ. ಹೊರಗೆ ಬಂದವಳೇ, ಕಿಟಕಿ ಸಣ್ಣದಾಯಿತೆಂದು ಗಾರೆ ಕೆಲಸದವನ ಮೇಲೆ ಹರಿಹಾಯುತ್ತಾಳೆ. ಹೋದ ತಿಂಗಳು ಅವನು ಗೋಡೆ ಒಡೆದು ದೊಡ್ಡ ಕಿಟಕಿ ಇಟ್ಟ.